ಅತ್ತಿಗೆ, ನೀನು

ನಮ್ಮ ಬೀದಿಯಲ್ಲಿ ಅವರನ್ನು ಅತ್ತಿಗೆ ಎಂದು ಕರೆಯದವರಿಲ್ಲ. ತರಕಾರಿ ಗಾಡಿಯವನಿಗೆ ಅವರು ಅತ್ತಿಗೆ. ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರರಿಗೆ ಅತ್ತಿಗೆ, ಹೆಡ್‌ಮಾಸ್ತರರ ಮೊಮ್ಮಗುವಿಗೂ ಅತ್ತಿಗೆ. ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ನನಗೂ ಅತ್ತಿಗೆಯೇ, ವಯಸ್ಸಿನಲ್ಲಿ ನಾನೇ ದೊಡ್ಡವಳಾದರೂ. ಅವರ ಗಂಡ ಬದುಕಿದ್ದಾಗ ಇದನ್ನು ಹೇಳಿ ಹೇಳಿ ನಗುತ್ತಿದ್ದರಂತೆ: "ಇವಳು ಊರಿಗೆಲ್ಲ ಅತ್ತಿಗೆ ಅಂದ್ಮೇಲೆ ನಾನು ಊರಿಗೆಲ್ಲ ಅಣ್ಣ. ಏನು ಬಂತು? ಬಸ್ಸಲ್ಲಿ ಒಬ್ಬ ತಮ್ಮನೂ ಎದ್ದು ಜಾಗ ಕೊಡಲ್ಲ."

ಅವರು ಆ ಮನೆಗೆ ಸೊಸೆಯಾಗಿ ಬಂದಾಗ ಮನೆಯಲ್ಲಿ ನಾಲ್ವರು ಮೈದುನರು. ಬೆಳಗಾದರೆ ನಾಲ್ಕು ಮೂಲೆಯಿಂದಲೂ ಒಂದೇ ಕೂಗು. ಅತ್ತಿಗೆ, ನನ್ನ ಟವಲ್ ಎಲ್ಲಿ? ಅತ್ತಿಗೆ, ಇವನು ಬಾಚಣಿಗೆ ಕೊಡ್ತಿಲ್ಲ ನೋಡಿ. ಅತ್ತಿಗೆ, ಗುಂಡಿ ಕಿತ್ತುಹೋಯ್ತು. ಆ ಮನೆಯ ಗೋಡೆಗಳಿಗೆ ಬಾಯಿ ಬಂದಿದ್ದರೆ ಅವೂ ಅತ್ತಿಗೆ ಎನ್ನುತ್ತಿದ್ದವು. ಗೋಡೆಗಳಿಗೆ ಬರಲಿಲ್ಲ, ಅತ್ತಿಗೆಗೆ ಹುಟ್ಟಿದ ಮಗುವಿಗೆ ಬಂತು. ಚಿಕ್ಕಪ್ಪಂದಿರು ಅಜ್ಜಿಯನ್ನು ಅಮ್ಮ ಎನ್ನುತ್ತಿದ್ದರು. ಮಗುವೂ ಅಜ್ಜಿಯನ್ನೇ ಅಮ್ಮ ಎಂದಿತು. ಹೆತ್ತವಳ ಕಡೆ ಕೈ ಚಾಚಿ "ಅತ್ಗೆ" ಎಂದಿತು.

ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಬಂದ ನೆಂಟರ ಮುಂದೆ ಮಗುವಿನಿಂದ ಇನ್ನೊಂದು ಸಲ ಹೇಳಿಸಿದರು. ಅತ್ತಿಗೆಯೂ ನಕ್ಕರು. ದೊಡ್ಡವಳಾದರೆ ತಾನೇ ತಿದ್ದಿಕೊಳ್ಳುತ್ತಾಳೆ ಎಂದುಕೊಂಡರು. ಆದರೆ ಮಗು ಶಾಲೆಗೆ ಹೋಗುವ ಮೊದಲೇ ಗಂಡ ತೀರಿಹೋದರು. ಅತ್ತಿಗೆ ದುಡಿಯಲು ಹೊರಟರು, ಮಗು ಅತ್ತೆಯ ಮಡಿಲಿಗೆ ಹೋಯಿತು. ಬದುಕೇ ಹಳಿ ತಪ್ಪಿರುವಾಗ ಒಂದು ಪದವನ್ನು ತಿದ್ದುತ್ತ ಕೂರಲು ಯಾರಿಗೆ ಪುರುಸೊತ್ತಿತ್ತು?

ಅವರು ಸೇರಿದ್ದು ಕಣ್ಣಿನ ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ, ಕನ್ನಡಕದ ಅಂಗಡಿಯ ಮೇಲಿನ ಒಂದು ಕೋಣೆಗೆ. ಅಲ್ಲಿ ಕೃತಕ ಕಣ್ಣು ಮಾಡುತ್ತಾರೆ. ಜನ ಅದನ್ನು ಗಾಜಿನ ಕಣ್ಣು ಎನ್ನುತ್ತಾರೆ, ಆದರೆ ಗಾಜಲ್ಲ, ಹಲ್ಲಿನ ಸೆಟ್ಟಿಗೆ ಬಳಸುವಂಥದೇ ಗಟ್ಟಿ ಪ್ಲಾಸ್ಟಿಕ್ಕು. ಮೊದಲು ಅತ್ತಿಗೆಗೆ ನೆಲ ಗುಡಿಸಿ, ತಯಾರಾದ ಕಣ್ಣುಗಳಿಗೆ ಹೊಳಪು ಕೊಡುವ ಕೆಲಸ. ಒಂದು ದಿನ ಅಲ್ಲಿನ ಯಜಮಾನರ ಅಂಗಿಯ ತೋಳು ಮೊಳೆಗೆ ಸಿಕ್ಕಿ ಹರಿಯಿತು. ಅತ್ತಿಗೆ ಹೊಲಿದು ಕೊಟ್ಟರು. ಎಲ್ಲಿ ಹರಿದಿತ್ತೆಂದು ಯಜಮಾನರು ಕಿಟಕಿಯ ಬಳಿ ನಿಂತು ಹುಡುಕಿದರೂ ಸಿಗಲಿಲ್ಲ. "ದಾರದ ಬಣ್ಣ ಯಾರು ಹೇಳಿಕೊಟ್ರಮ್ಮ?" ಎಂದರು. "ನಾಲ್ಕು ಜನ ಮೈದುನರು ಸಾರ್, ದಿನಾ ಹರ್ಕೊಂಡು ಬರ್ತಿದ್ರು" ಎಂದರು ಅತ್ತಿಗೆ. ಮರುದಿನ ಯಜಮಾನರು ಅವರ ಕೈಗೆ ಕುಂಚ ಕೊಟ್ಟರು.

ಆ ಕೆಲಸವನ್ನು ಅವರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಬಿಸಿಲು ನೇರ ಬೀಳದ ಕಿಟಕಿಯ ಪಕ್ಕದಲ್ಲಿ ಎರಡು ಕುರ್ಚಿ, ಎದುರುಬದುರು. ಒಂದರಲ್ಲಿ ಕಣ್ಣು ಕಳೆದುಕೊಂಡವರು, ಇನ್ನೊಂದರಲ್ಲಿ ಅತ್ತಿಗೆ. ಉಳಿದ ಕಣ್ಣನ್ನು ನೋಡುತ್ತ, ಅಂಗಿಯ ಗುಂಡಿಗಿಂತ ಚಿಕ್ಕದಾದ ಕಪ್ಪು ಬಿಲ್ಲೆಯ ಮೇಲೆ ಬಣ್ಣದ ಮೇಲೆ ಬಣ್ಣ ಬರೆಯಬೇಕು. ಬಣ್ಣ ಒಣಗಿದಾಗ ಒಂದು ಥರ, ಮೇಲೆ ತಿಳಿ ಪದರ ಕೂತಾಗ ಇನ್ನೊಂದು ಥರ ಕಾಣುತ್ತದೆ. ಅದಕ್ಕೆ ಆಗಾಗ ಬಿಲ್ಲೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡುತ್ತಾರೆ. ಬಿಳಿಭಾಗಕ್ಕೆ ಕೆಂಪು ದಾರದಿಂದ ಎಳೆ ಬಿಡಿಸಿ ನರಗಳನ್ನು ಹಾಸುತ್ತಾರೆ. ಎದುರು ಕೂತವರು ನೇರ ನೋಡಿದರೆ ಇಬ್ಬರಿಗೂ ಮುಜುಗರ. ಅತ್ತಿಗೆ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು: "ನನ್ನ ಕಿವಿ ಕಡೆ ನೋಡಿ." ಇಷ್ಟು ವರ್ಷ ಅವರೆದುರು ಕೂತವರೆಲ್ಲ ಅವರನ್ನು ದಾಟಿ ಆಚೆ ನೋಡಿದವರೇ.

ಕೆಲವರು ಬಂದು, ಇರೋ ಕಣ್ಣಿಗಿಂತ ಚೆನ್ನಾಗಿ ಮಾಡಿ ಎನ್ನುತ್ತಾರಂತೆ. ಅವರಿಗೆ ಯಜಮಾನರ ಉತ್ತರ ಸಿದ್ಧವಿತ್ತು. "ಈ ಕಣ್ಣು ನೋಡೋಕಲ್ಲ. ನೋಡಿಸ್ಕೊಳ್ಳೋಕೂ ಅಲ್ಲ. ಒಂದು ಸಲ ನೋಡಿದೋರು ಎರಡನೇ ಸಲ ತಿರುಗಿ ನೋಡಬಾರದು, ಅಷ್ಟಕ್ಕೆ."

ಆ ಕೋಣೆಗೆ ಒಂದು ನಿಯಮವಿತ್ತು. ಮನೆಯವರ ಕಣ್ಣನ್ನು ಬರೆಯುವಂತಿಲ್ಲ. ಯಜಮಾನರು ಹಿಂದೊಮ್ಮೆ ತಮ್ಮ ಅಣ್ಣನಿಗೆ ಕಣ್ಣು ಮಾಡಿದ್ದರು. ಎದುರಿಗಿದ್ದ ಅಣ್ಣನನ್ನು ನೋಡದೆ, ಜೊತೆಗೆ ಈಜು ಕಲಿತ ಅಣ್ಣನ ಕಣ್ಣನ್ನು ಬರೆದುಬಿಟ್ಟರು. ಅಣ್ಣ ಅದನ್ನು ಪ್ರೀತಿಯಿಂದ ಹಾಕಿಕೊಂಡ. ಆದರೆ ಒಂದೇ ಮುಖದಿಂದ ಒಬ್ಬ ಮುದುಕನೂ ಒಬ್ಬ ಹುಡುಗನೂ ಇಣುಕುತ್ತಿದ್ದರಂತೆ. ಅವನೆದುರು ಕೂತು ಊಟ ಮಾಡುವುದು ಮನೆಯಲ್ಲಿ ಯಾರಿಂದಲೂ ಆಗಲಿಲ್ಲ.

ಮಗಳು ಬೆಳೆದಳು. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೆಲಸ ಸಿಕ್ಕಿತು. ಆ ಕೆಲಸ ಅವಳಿಗೆ ಹೇಳಿ ಮಾಡಿಸಿದಂತಿತ್ತು. ಎಷ್ಟು ಜನ ಬಂದರೂ ಮುಖ ಕೊಟ್ಟು ಮಾತಾಡುವಳು. ಯಾವ ಬಸ್ಸು ಎಲ್ಲಿಂದ, ಎಷ್ಟು ಹೊತ್ತಿಗೆ ಎಂದು ಗೋಡೆಯ ಪಟ್ಟಿ ನೋಡದೆ ಹೇಳುವಳು. ಮನೆಗೆ ಬಂದು ದಿನದ ಸುದ್ದಿಯನ್ನೆಲ್ಲ ನಟಿಸಿ ತೋರಿಸುವಳು. "ಅತ್ತಿಗೆ, ನೀನು ಕೇಳು. ಇವತ್ತೊಬ್ರು ಬಂದು, ನಮ್ಮತ್ತೆ ಯಾವ ಬಸ್ಸಲ್ಲಿ ಬರ್ತಾರೆ ಅಂತ ಕೇಳಿದ್ರು. ಗೊತ್ತಿಲ್ಲ ಸಾರ್ ಅಂದೆ. ವಿಚಾರಣೆ ಅಂತ ಬೋರ್ಡ್ ಹಾಕಿದೀರಲ್ಲ, ವಿಚಾರಿಸಿ ಹೇಳಿ ಅಂದ್ರು!" ಆ ನಗು ಮಹಡಿಯವರೆಗೂ ಕೇಳುತ್ತಿತ್ತು. ಅಜ್ಜಿ ತೀರಿಕೊಂಡಾಗ ಮನೆ ಒಂದಷ್ಟು ಕಾಲ ಮಂಕಾಯಿತು. ಅದನ್ನು ಮತ್ತೆ ಎತ್ತಿ ನಿಲ್ಲಿಸಿದ್ದೂ ಅವಳ ನಗುವೇ.

ಒಂದು ರಜೆಯ ದಿನ ಅವಳು ಸ್ಕೂಟರಿನ ಹಿಂದೆ ಹಾಸಿಗೆಯ ಸುರುಳಿ ಕಟ್ಟುತ್ತಿದ್ದಳು. ಎರಡೂ ತುದಿಗೆ ಕೊಕ್ಕೆಯಿರುವ ರಬ್ಬರ್ ಹಗ್ಗ. ಎಳೆದು ಸಿಕ್ಕಿಸುವಾಗ ಕೊಕ್ಕೆ ಜಾರಿ ಬಂದು ಎಡಗಣ್ಣಿಗೆ ಹೊಡೆಯಿತು. ಡಾಕ್ಟರುಗಳು ಮಾಡುವುದನ್ನೆಲ್ಲ ಮಾಡಿದರು. ಕೊನೆಗೆ ಕಣ್ಣನ್ನು ತೆಗೆಯಲೇಬೇಕಾಯಿತು.

ಆಪರೇಷನ್ ಆದ ಮೇಲೆ ನಡೆದದ್ದನ್ನು ಅತ್ತಿಗೆ ನನಗೆ ಮೆಟ್ಟಿಲ ಮೇಲೆ ಕೂತು, ಬಟಾಣಿ ಸುಲಿಯುತ್ತ ಹೇಳಿದರು. ಮಗಳು ಮಂಪರಿನಲ್ಲಿದ್ದಾಗ ನರ್ಸ್ ಕೇಳಿದ್ದಾಳೆ:

"ಜೊತೆಗೆ ಯಾರಿದ್ದಾರಮ್ಮ? ನಿಮ್ಮಮ್ಮ ಇದ್ದಾರಾ?"

"ಅಮ್ಮ ತೀರ್ಕೊಂಡ್ರು."

"ಅಯ್ಯೋ. ಮತ್ತೆ ಹೊರಗಡೆ ಕೂತಿರೋರು?"

"ಅತ್ತಿಗೆ. ಅವಳನ್ನ ಈಗ ಒಳಗೆ ಬಿಡ್ಬೇಡಿ. ಅವಳು ಅಳ್ತಾಳೆ. ಅವಳು ಅತ್ರೆ ನನ್ನ ಕೈಲಿ ನೋಡಕ್ಕಾಗಲ್ಲ."

ನರ್ಸ್ ಹೊರಗೆ ಬಂದು ಅತ್ತಿಗೆಗೆ ಮೆತ್ತಗೆ ಹೇಳಿದಳಂತೆ: "ನೀವು ಬೇಜಾರು ಮಾಡ್ಕೋಬೇಡಿ. ಅತ್ತಿಗೆ ಅಂತಾರೆ, ಅವಳು ಇವಳು ಅಂತಾರೆ. ನಿಮ್ಮಿಬ್ರಿಗೂ ಸರಿಯಿಲ್ಲ ಅಂತ ಕಾಣುತ್ತೆ. ಈಗ ಪೇಷೆಂಟ್ ಮನಸ್ಸಿಗೆ ನೋವಾಗಬಾರದು. ಹತ್ತಿರದೋರು ಯಾರಾದ್ರೂ ಬರಲಿ."

"ನಾನು ಅವಳ ತಾಯಿ" ಎಂದರು ಅತ್ತಿಗೆ.

"ಅವರ ತಾಯಿ ಇಲ್ಲ ಅಂತ ಅವರೇ ಹೇಳಿದ್ರಲ್ಲಮ್ಮ" ಎಂದಳು ನರ್ಸ್, ಮತಿ ತಪ್ಪಿದವರ ಜೊತೆ ಮಾತಾಡುವ ಹಾಗೆ.

ಅಷ್ಟರಲ್ಲಿ ಕಿರಿಯ ಮೈದುನ ಓಡಿ ಬಂದ. ಅದೇ ಮನೆಯ ಹಿಂಭಾಗದಲ್ಲಿರುವವನು, ಮಾತಿನ ಮಲ್ಲ. ಅವನು ಬಂದು ಎಲ್ಲ ಸರಿಪಡಿಸುತ್ತಾನೆ ಎಂದು ಅತ್ತಿಗೆ ಎದ್ದು ನಿಂತರೆ, ಅವನು ಬಾಗಿಲಿನಿಂದಲೇ ಕೂಗಿದ: "ಅತ್ತಿಗೆ! ಅತ್ತಿಗೆ, ಹೇಗಿದ್ದಾಳೆ?" ನರ್ಸ್ ಅತ್ತಿಗೆಯ ಕಡೆ ಒಮ್ಮೆ ನೋಡಿ, ನಾನು ಹೇಳಲಿಲ್ಲವೇ ಎಂಬಂತೆ ತಲೆಯಾಡಿಸಿ, ಅವನನ್ನು ಒಳಗೆ ಕರೆದುಕೊಂಡು ಹೋದಳು. ಮೈದುನ ಎಲ್ಲ ಬಿಡಿಸಿ ಹೇಳಿ ಹೊರಗೆ ಬರುವವರೆಗೆ ಹೆತ್ತ ತಾಯಿ ಬೆಂಚಿನ ಮೇಲೆ ಕಾದರು.

"ಆ ಬೆಂಚಿನ ಮೇಲೆ ಅಳ್ಲಿಲ್ಲ ನಾನು" ಎಂದರು ಅತ್ತಿಗೆ. "ತೀರ್ಮಾನ ಮಾಡಿದೆ. ಒಂದು, ಅವಳು ಮತ್ತೆ ಆ ಕಿಟಕೀಲಿ ಕೂರಬೇಕು, ಮೊದಲಿನ ಹಾಗೇ. ಎರಡು, ನನ್ನನ್ನ ಅಮ್ಮ ಅನ್ನಬೇಕು. ಎರಡೂ ಆಗೋವರೆಗೆ ನಾನು ಬಿಡಲ್ಲ."

ಅವರು ಬಿಡುವವರಲ್ಲ ಎಂದು ನನಗೆ ಗೊತ್ತಿತ್ತು. ಸುಲಿದ ಬಟಾಣಿಯಲ್ಲಿ ಒಂದು ಕಾಳು ಉರುಳಿ ಮೆಟ್ಟಿಲ ಕೆಳಗೆ ಹೋಗಿತ್ತು. ಎದ್ದು ಹೋಗಿ ಅದನ್ನೂ ಹೆಕ್ಕಿ ತಂದರು.

ಎರಡನೆಯದರಿಂದಲೇ ಶುರು ಮಾಡಿದರು. ಮಗಳು ಮನೆಗೆ ಬಂದು ಚೇತರಿಸಿಕೊಂಡ ಮೇಲೆ, "ಇನ್ಮೇಲೆ ಅತ್ತಿಗೆ ಅನ್ನಬೇಡ, ಅಮ್ಮ ಅನ್ನು" ಎಂದರು. ಮಗಳು ವಾದ ಮಾಡಲಿಲ್ಲ. ಸರಿ ಎಂದಳು. ಆದರೆ ಆ ಪದ ಗಂಟಲವರೆಗೆ ಬಂದು ನಿಲ್ಲುತ್ತಿತ್ತು. ಅತ್ತಿಗೆ ಎನ್ನುವಂತಿಲ್ಲ, ಅಮ್ಮ ಎನ್ನಲು ಆಗುತ್ತಿಲ್ಲ. ಹೀಗೆ ಅವಳು ಕರೆಯುವುದನ್ನೇ ಬಿಟ್ಟಳು. "ಇಲ್ಲಿ ನೋಡು" ಎನ್ನುವಳು. "ಕೇಳಿಸ್ತಾ" ಎನ್ನುವಳು. ಸುಮ್ಮನೆ ಬಾಗಿಲಲ್ಲಿ ಬಂದು ನಿಲ್ಲುವಳು. ಅತ್ತಿಗೆ ತಮ್ಮ ಮನೆಯಲ್ಲೇ ಹೆಸರಿಲ್ಲದವರಾದರು.

ಮೊದಲನೆಯದು ಇನ್ನೂ ಕಷ್ಟವಿತ್ತು. ಆಸ್ಪತ್ರೆಯವರು ತಮ್ಮ ಡಬ್ಬಿಯಿಂದ ಒಂದು ಸಿದ್ಧ ಕಣ್ಣನ್ನು ಹಾಕಿ ಕಳಿಸಿದ್ದರು. ಅದು ಯಾರಿಗೂ ಅಂತ ಮಾಡಿದ್ದಲ್ಲ, ಎಲ್ಲರಿಗೂ ಅಂತ ಮಾಡಿದ್ದು. ಯಾವಾಗಲೂ ಬೆಚ್ಚಿದಂತೆ ಕಾಣುತ್ತಿತ್ತು. ಅವಳು ಮತ್ತೆ ಕೆಲಸಕ್ಕೆ ಹೋದ ಮೊದಲ ದಿನವೇ ಕಿಟಕಿಯ ಎದುರಿಗಿದ್ದವರು ಅವಳು ಏನನ್ನು ಕಂಡು ಬೆಚ್ಚಿದಳೆಂದು ಹಿಂದೆ ತಿರುಗಿ ನೋಡತೊಡಗಿದರು. ಮೇಲ್ವಿಚಾರಕ, "ಸ್ವಲ್ಪ ದಿನ ಒಳಗೆ ಕೂತ್ಕೊಳ್ಳಿ" ಎಂದು ಅವಳನ್ನು ಕಳೆದುಹೋದ ಸಾಮಾನುಗಳ ಕೋಣೆಗೆ ಹಾಕಿದ. ಕಿಟಕಿಗೆ ಬೇರೊಬ್ಬಳು ಬಂದಳು. ತಿಂಗಳ ಕೊನೆಯೊಳಗೆ ಇವಳು ಮರಳದಿದ್ದರೆ ಅವಳೇ ಖಾಯಂ.

ಮಗಳು ಆ ಕಣ್ಣನ್ನು ತೆಗೆದು ಡ್ರಾಯರಿಗೆ ಹಾಕಿ ಕಪ್ಪು ಕನ್ನಡಕ ಏರಿಸಿದಳು. ಮನೆಯಲ್ಲೂ ತೆಗೆಯುತ್ತಿರಲಿಲ್ಲ. ತಲೆ ಬಾಚಿಕೊಳ್ಳುವುದು ಕನ್ನಡಿ ನೋಡದೆ, ಕೈ ಅಂದಾಜಿನಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ ಅತ್ತಿಗೆಯನ್ನು ಹೆದರಿಸಿದ್ದು, ಅವಳು ಆ ಕೋಣೆಗೆ ಒಗ್ಗಿಕೊಳ್ಳತೊಡಗಿದ್ದು.

"ಅಲ್ಲಿ ಚೆನ್ನಾಗಿದೆ" ಎಂದಳು ಒಂದು ಸಂಜೆ, ನಾವೆಲ್ಲ ಜಗುಲಿಯಲ್ಲಿ ಕೂತಿದ್ದಾಗ. "ಬಂದೋರು ನನ್ನ ಮುಖ ನೋಡಲ್ಲ, ಅವರವರ ಕೊಡೆ ನೋಡ್ತಾರೆ. ಕೊಡೆ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿ. ಇವತ್ತು ಒಂದು ಹಲ್ಲು ಸೆಟ್ಟು ಬಂದಿದೆ."

"ಹಲ್ಲು ಸೆಟ್ಟು ಬಿಟ್ಟು ಹೋದೋರು ಮನೇಲಿ ಏನಂದಿರ್ತಾರೆ?" ಎಂದೆ ನಾನು.

"ಏನಂತಾರೆ, ಏನೂ ಅಂದಿರಲ್ಲ" ಎಂದ ಮೈದುನ, ತುಟಿಗಳನ್ನು ಒಳಗೆಳೆದುಕೊಂಡು ತೋರಿಸಿ.

ಎಲ್ಲರೂ ನಕ್ಕೆವು. ಮಗಳೂ ನಕ್ಕಳು, ಆದರೆ ಒಂದು ಕ್ಷಣ ಮಾತ್ರ. "ನಾನೂ ಅಲ್ಲೇ ಇದ್ದುಬಿಡ್ತೀನಿ ಚಿಕ್ಕಪ್ಪ. ನಾನು ಯಾವುದೋ ಬಸ್ಸಲ್ಲಿ ಯಾರೋ ಮರೆತು ಹೋದ ಸಾಮಾನು ಅಂತ ಅನ್ಸುತ್ತೆ. ಗುರುತು ಹೇಳಿ ಬಿಡಿಸ್ಕೊಂಡು ಹೋಗೋಕೆ ನಾನೇ ಬಂದ್ರೂ ನನಗೆ ಗುರುತು ಹೇಳೋಕಾಗಲ್ಲ."

ಅತ್ತಿಗೆ ಎದ್ದು ಒಳಗೆ ಹೋದರು. ಮರುದಿನ ಬೆಳಗ್ಗೆ ನಾನು ಪ್ರಾರ್ಥನೆ ಮುಗಿಸಿ ಇಳಿಯುವ ಹೊತ್ತಿಗೆ ಅವರು ಎಂದಿಗಿಂತ ಮುಂಚೆಯೇ ಕೆಲಸಕ್ಕೆ ಹೊರಟಾಗಿತ್ತು.

"ಸಾರ್, ನನ್ನ ಮಗಳ ಕಣ್ಣು ನಾನೇ ಬರೀತೀನಿ" ಎಂದರಂತೆ ಹೋದವರೇ.

"ನಿಯಮ ಗೊತ್ತಲ್ಲಮ್ಮ."

"ಗೊತ್ತು. ಆದ್ರೆ ನಿಮ್ಮ ಕೈ ನಡುಗುತ್ತೆ. ಈ ಊರಲ್ಲಿ ಬೇರೆ ಯಾರಿದ್ದಾರೆ?"

"ಮನೆಯವರ ಕಣ್ಣನ್ನ ನೆನಪು ಬರೆದುಬಿಡುತ್ತೆ ಕಣಮ್ಮ. ಕೈಗೆ ಕೆಲಸವೇ ಇರಲ್ಲ."

"ನನಗೆ ಅವಳು ಮಗಳು, ನಿಜ. ಅವಳಿಗೆ ನಾನು ಅತ್ತಿಗೆ. ಅರ್ಧ ಹೊರಗಿನವಳು ಅಂತ ಲೆಕ್ಕ ಹಿಡೀರಿ."

ಯಜಮಾನರಿಗೆ ನಗು ಬಂತು. ನಕ್ಕಿದ್ದೇ ತಪ್ಪಾಯಿತು, ಅತ್ತಿಗೆ ಅದನ್ನೇ ಒಪ್ಪಿಗೆ ಎಂದು ತೆಗೆದುಕೊಂಡರು.

ಮಗಳನ್ನು ಕರೆತರುವುದೇ ಒಂದು ಯುದ್ಧ. ಅಳತೆಗೆ ಅಚ್ಚು ತೆಗೆಯುವಷ್ಟು ಹೊತ್ತು ಕೂತಳು. ಬಣ್ಣಕ್ಕೆ ಕೂರು ಎಂದರೆ ಒಂದು ಗಳಿಗೆ ಕನ್ನಡಕ ತೆಗೆದು, ಗೋಡೆ ನೋಡಿ, ಮತ್ತೆ ಹಾಕಿಕೊಂಡಳು. ಅತ್ತಿಗೆ ಒತ್ತಾಯ ಮಾಡಲಿಲ್ಲ. ಹೆತ್ತ ಮಗಳ ಕಣ್ಣು, ತಾನು ನೋಡದ್ದೇನು ಎಂದುಕೊಂಡು ಬರೆಯಲು ಕೂತರು. ಎಂದೂ ಅಷ್ಟು ಸಲೀಸಾಗಿ ಕುಂಚ ಓಡಿರಲಿಲ್ಲವಂತೆ. ನೀರಿನ ಹನಿ ಬಿಟ್ಟು ನೋಡಿದರೆ ಬಿಲ್ಲೆ ಜೇನಿನ ಹಾಗೆ ಹೊಳೆಯಿತು.

ಕಣ್ಣು ತಯಾರಾಗಿ ಕೂರಿಸಿದ ದಿನ ಅತ್ತಿಗೆ ಕೈಕನ್ನಡಿ ಕೊಟ್ಟರು. ಮಗಳು ಬಹಳ ದಿನದ ಮೇಲೆ ತನ್ನ ಮುಖ ನೋಡಿಕೊಂಡಳು. ನೋಡುತ್ತಲೇ ಇದ್ದಳು. ಕೊನೆಗೆ, "ಇದು ಅಮ್ಮನ ಕಣ್ಣು" ಎಂದಳು.

ಒಂದು ಉಸಿರಿನಷ್ಟು ಹೊತ್ತು ಅತ್ತಿಗೆ ಅದನ್ನು ತಮಗೇ ಎಂದುಕೊಂಡರು. ಅಮ್ಮ ಎಂದಳು, ನನ್ನ ಕಣ್ಣು ಎಂದಳು. ಆಮೇಲೆ ಅರ್ಥವಾಯಿತು. ಇಪ್ಪತ್ತು ವರ್ಷದಿಂದ ಬಂದವರು ಹೋದವರೆಲ್ಲ, ಮಗೂಗೆ ಥೇಟ್ ಅಜ್ಜಿ ಕಣ್ಣು ಎನ್ನುತ್ತಿದ್ದರು. ಎಲ್ಲರೂ ಹೇಳಿದ್ದನ್ನು ಅವರೂ ನಂಬಿದ್ದರು. ಕುಂಚ ಬರೆದದ್ದು ಆ ನಂಬಿಕೆಯನ್ನು. ಸತ್ತ ಅತ್ತೆ ಮಗಳ ಮುಖದಿಂದ ಅವರನ್ನೇ ನೋಡುತ್ತಿದ್ದರು.

"ಎಲ್ಲದರಲ್ಲೂ ಅವರೇ ಇರಬೇಕಾ?" ಅತ್ತಿಗೆಯ ದನಿ ಏರಿತು. ಜೀವಮಾನದಲ್ಲಿ ಅತ್ತೆಯ ಬಗ್ಗೆ ಒಂದು ಮಾತು ಎತ್ತದವರು. "ಪದ ಅವರಿಗೆ, ಕಣ್ಣೂ ಅವರಿಗೆ. ನನಗೇನು ಉಳೀತು? ಆಸ್ಪತ್ರೇಲಿ ನರ್ಸು ನನ್ನ ಬಾಗಿಲಾಚೆ ಕೂರಿಸಿದ್ಲು. ಒಂದು ಸಲ, ಒಂದೇ ಸಲ ಅಮ್ಮ ಅನ್ನೋಕೆ ನಿನಗೇನು ಕಷ್ಟ?"

"ಅನ್ನೋಕೆ ಹೋದ್ರೆ ಅವರ ಮುಖ ಬರುತ್ತೆ!" ಮಗಳೂ ದನಿ ಏರಿಸಿದಳು. "ಆ ಪದದಲ್ಲಿ ಅವರು ಕೂತಾಗಿದೆ. ಸತ್ತೋರನ್ನ ಎಬ್ಬಿಸಿ ನಿನ್ನ ಕೂರಿಸಲಾ? ಸ್ಕೂಲಲ್ಲಿ ಎಲ್ರೂ ನಮ್ಮಮ್ಮ ಬಂದ್ಲು, ನಮ್ಮಮ್ಮ ಬೈದ್ಲು ಅಂತಿದ್ರು. ಪಾಪ, ಇವರಿಗೆಲ್ಲ ಅತ್ತಿಗೆ ಇಲ್ವಲ್ಲ ಅಂತ ನನಗೆ ಅನ್ನಿಸ್ತಿತ್ತು."

"ಊರಿಗೆಲ್ಲ ಅತ್ತಿಗೆ ನಾನು. ತರಕಾರಿಯವನಿಗೂ ಅತ್ತಿಗೆ. ಅದರಲ್ಲಿ ನಿನ್ನದೇನು ಹೆಚ್ಚುಗಾರಿಕೆ?"

"ತರಕಾರಿಯವನು ಏನಂತಾನೆ? ಅತ್ತಿಗೆ, ನೀವು ತಗೊಳ್ಳಿ ಅಂತಾನೆ. ಚಿಕ್ಕಪ್ಪ ಏನಂತಾರೆ? ಅತ್ತಿಗೆ, ನೀವು. ಮಹಡಿಯೋರು? ನೀವು. ಅತ್ತಿಗೆ, ನೀನು ಅನ್ನೋರು ಯಾರಿದ್ದಾರೆ, ಒಬ್ಬರನ್ನ ತೋರಿಸು. ಅಜ್ಜೀನ ಅಮ್ಮ ಅಂದಿದ್ದು, ಅಮ್ಮ, ನೀವು ಅಂದಿದ್ದು, ಎಲ್ಲ ಅವರಿವರ ಬಾಯಿಂದ ಕೇಳಿ ಕಲ್ತಿದ್ದು. ನಿನಗೆ ನೀನು ಅಂದಿದ್ದು ಯಾರೂ ಕಲಿಸಿದ್ದಲ್ಲ. ಅದೊಂದು ನಾನೇ ಮಾಡ್ಕೊಂಡಿದ್ದು. ಈಗ ಅದನ್ನೂ ಬಿಡು ಅಂತೀಯ."

ಅತ್ತಿಗೆ ಕೂತುಬಿಟ್ಟರು. ಮಗಳಿಗೆ ಮಾತು ಬಂದಾಗಿನಿಂದ ಕಿವಿಯ ಮೇಲೆ ಬಿದ್ದದ್ದು, ಅವರು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ಎಲ್ಲರೂ ಕರೆಯುವ ಪದದ ಪಕ್ಕದಲ್ಲಿ ಯಾರೂ ಇಡದ ಇನ್ನೊಂದು ಪದವಿತ್ತು. ನರ್ಸಿಗೆ ಅದು ಕೇಳಿಸಿತ್ತು. ಜಗಳ ಎಂದುಕೊಂಡಿದ್ದಳು, ಅಷ್ಟೇ.

ಮೂಲೆಯಲ್ಲಿ ಯಜಮಾನರು ಇಲ್ಲದ ಧೂಳನ್ನು ಒರೆಸುತ್ತಿದ್ದರು. "ಇಬ್ಬರದೂ ಮುಗೀತಾ?" ಎಂದರು. "ಮುಗಿದಿದ್ರೆ ಆ ಕಣ್ಣು ತೆಗೆದು ಇಲ್ಲಿಡಿ. ಇನ್ನೂ ಬೆಳಕಿದೆ. ಮತ್ತೆ ಬರೀಬೇಕು. ಈ ಸಲ ನಾನು ಹೇಳಿದ ಹಾಗೆ. ನೀವು ಕನ್ನಡಕ ತೆಗೆದು ಕೂತ್ಕೊಳ್ಳಿ ತಾಯಿ. ಮತ್ತೆ ನೀವು," ಎಂದು ಅತ್ತಿಗೆಯ ಕಡೆ ತಿರುಗಿದರು, "ಇವರು ಯಾರೋ ನಿಮಗೆ ಗೊತ್ತಿಲ್ಲ. ಈಗ ತಾನೇ ಮೆಟ್ಟಿಲು ಹತ್ತಿ ಬಂದೋರು. ನೀನು ಅನ್ನಬೇಡಿ. ನೀವು ಅನ್ನಿ."

"ನನ್ನ ಮಗಳಿಗೆ ನಾನು ನೀವು ಅನ್ನಬೇಕಾ?"

"ಕೆಲಸ ಮುಗಿಯೋವರೆಗೆ."

ಅತ್ತಿಗೆ ಕುಂಚ ತೊಳೆದು, ಗಂಟಲು ಸರಿಮಾಡಿಕೊಂಡು ಹೇಳಿದರು: "ಸ್ವಲ್ಪ ತಲೆ ಎತ್ತಿ. ನನ್ನ ಕಿವಿ ಕಡೆ ನೋಡಿ."

"ಆಗಲಿ ಮೇಡಂ" ಎಂದಳು ಮಗಳು. ಅವಳ ತುಟಿ ಕೊಂಕಿತು. ಅತ್ತಿಗೆಗೂ ನಗು ಬಂತು. ಯಜಮಾನರು ಗದರಿದರು. ಆಮೇಲೆ ಅತ್ತಿಗೆ ಕುಂಚವನ್ನು ಬಣ್ಣಕ್ಕೆ ಅದ್ದಿದರು.

ಆ ಹೊತ್ತಿನ ಬಗ್ಗೆ ಅತ್ತಿಗೆ ನನಗೆ ಹೇಳಿದ್ದು ಕಡಿಮೆ, ನಿಲ್ಲಿಸಿ ನಿಲ್ಲಿಸಿ ಹೇಳಿದರು. ನೀವು ಎಂದ ಕೂಡಲೇ ಎದುರಿಗಿದ್ದವಳು ಒಂದು ಗೇಣು ದೂರ ಸರಿದಂತಾಯಿತಂತೆ. ಆ ದೂರದಿಂದ ಕಣ್ಣು ಕಂಡಿತು. ಅದು ಜೇನಿನ ಬಣ್ಣವಲ್ಲ. ಅಜ್ಜಿಯದಲ್ಲ. ಸರಿ, ಹಾಗಾದರೆ ನನ್ನದು ಎಂದು ಅವರ ಮನಸ್ಸು ಹಾರಿತು. ನನ್ನದೂ ಅಲ್ಲ ಎಂದು ಕಣ್ಣು ಹೇಳಿತು. ಒದ್ದೆಯಾದ ಕಲ್ಲುಚಪ್ಪಡಿಯ ಕಂದು, ಅಂಚಿನಲ್ಲಿ ಬೂದಿ, ಕೆಳಗೆ ಒಂದು ಕಡೆ ತುಕ್ಕಿನ ಚುಕ್ಕೆ. ಆ ಚುಕ್ಕೆಯನ್ನು ಇಷ್ಟು ವರ್ಷ ಯಾರೂ ಗಮನಿಸಿರಲಿಲ್ಲ. ಅದು ಯಾರಿಂದಲೂ ಬಂದದ್ದಲ್ಲ. "ದೇವರು ಅವಳಿಗೇ ಅಂತ ಇಟ್ಟಿದ್ದು" ಎಂದರು ಅತ್ತಿಗೆ. "ನಾನು ಹೆತ್ತಿದ್ದು ಹೌದು. ಆದ್ರೆ ಅದು ನಂದಲ್ಲ. ಆವತ್ತು ಅದನ್ನ ನೋಡಿ ಬೇಜಾರಾಗ್ಲಿಲ್ಲ. ಯಾಕೋ ಹಗುರಾಯ್ತು."

ಆಮೇಲೆ ಮಗಳು ಕೆಲಸ ಮುಗಿಸಿ ದಿನವೂ ಬಂದು ಕೂತಳು. ಅತ್ತಿಗೆ ಬರೆದರು, ಕೆರೆದರು, ಮತ್ತೆ ಬರೆದರು. ನೀರು ಬಿಟ್ಟು ನೋಡಿದರು, ಒಪ್ಪಲಿಲ್ಲ, ಬಿಲ್ಲೆಯನ್ನೇ ಎಸೆದು ಹೊಸದು ತೆಗೆದುಕೊಂಡರು. ತುಕ್ಕಿನ ಚುಕ್ಕೆಯನ್ನು ಬರೆಯುತ್ತಿರುವ ಕಣ್ಣಿಗೂ ಇಡೋಣವೇ ಎಂದು ಕೇಳಿದಾಗ ಯಜಮಾನರು ಬೇಡ ಎಂದರು. "ದೇವರು ಎರಡು ಕಣ್ಣನ್ನ ಒಂದೇ ಥರ ಮಾಡಲ್ಲ. ನೀವೂ ಮಾಡಬೇಡಿ." ಕೆಂಪು ದಾರದ ಎಳೆಗಳನ್ನು ಹಾಸುವ ದಿನ ಮಗಳು, "ಮೇಡಂ, ನಿದ್ದೆಗೆಟ್ಟೋರ ಥರ ಮಾಡ್ಬೇಡಿ" ಎಂದಳು. "ನಿಮ್ಮ ಕೆಲಸ ನೀವು ನೋಡ್ಕೊಳ್ಳಿ, ನನ್ನ ಕಿವಿ ನೋಡಿ" ಎಂದರು ಅತ್ತಿಗೆ.

ತಿಂಗಳು ಮುಗಿಯುವ ಮೊದಲೇ ಕಣ್ಣು ಮುಗಿಯಿತು. ಕೂರಿಸಿದ ಮೇಲೆ ಮಗಳು ಕನ್ನಡಿಯಲ್ಲಿ ನೋಡಿಕೊಂಡಳು. ಬ್ಯಾಗಿನಿಂದ ಬಾಚಣಿಗೆ ತೆಗೆದು, ಕನ್ನಡಿ ನೋಡುತ್ತ ತಲೆ ಬಾಚಿಕೊಂಡಳು. ನಂತರ ಕನ್ನಡಿ ಕೆಳಗಿಟ್ಟು, "ಅತ್ತಿಗೆ, ನೀನು ಮನೆಗೆ ಹೋಗಿರು. ನಾನು ನಿಲ್ದಾಣಕ್ಕೆ ಹೋಗಿ ಮೇಲ್ವಿಚಾರಕರನ್ನ ನೋಡಿ ಬರ್ತೀನಿ" ಎಂದಳು.

ಅತ್ತಿಗೆ ತಿದ್ದಲಿಲ್ಲ.

ಅವಳು ಮತ್ತೆ ಕಿಟಕಿಗೆ ಕೂತ ದಿನ ಅತ್ತಿಗೆ ನನ್ನನ್ನು ಜೊತೆಗೆ ಕರೆದರು. ಒಬ್ಬರೇ ಹೋದರೆ ಕಾಲು ಹಿಂದೆ ಸರಿಯುತ್ತದೆ ಎಂದರು. ಹೋಗುವ ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ದೇವರನ್ನು ನೆನೆಯುತ್ತಿದ್ದೆ. ಅತ್ತಿಗೆ ಹಾಗಲ್ಲ; ಲೆಕ್ಕ ತೀರಿಸಲು ಹೊರಟವರಂತೆ ನಡೆಯುತ್ತಿದ್ದರು. ನಿಲ್ದಾಣದಲ್ಲಿ ಜನ ಗಿಜಿಗುಡುತ್ತಿತ್ತು. ನಾವು ಸಾಲಿನಲ್ಲಿ ನಿಂತೆವು. ಮುಂದಿದ್ದವರು ಒಬ್ಬೊಬ್ಬರೇ ಕಿಟಕಿಗೆ ಬಗ್ಗಿ, ಕೇಳಿ, ಹೋಗುತ್ತಿದ್ದರು. ಅತ್ತಿಗೆ ನೋಡುತ್ತಿದ್ದುದು ಮಗಳನ್ನಲ್ಲ, ಅವಳೆದುರು ಬಗ್ಗಿದವರ ಕುತ್ತಿಗೆಗಳನ್ನು. ಯಾವ ಕುತ್ತಿಗೆಯಾದರೂ ಎರಡನೇ ಸಲ ತಿರುಗುತ್ತದೆಯೋ ಎಂದು.

ನಮ್ಮ ಸರದಿ ಬಂತು.

"ಅತ್ತಿಗೆ! ನೀನ್ಯಾಕೆ ಬಂದೆ ಇಲ್ಲಿಗೆ?" ಮಗಳ ದನಿ ಗಾಜಿನ ಹಿಂದಿನಿಂದ ಮೊದಲಿನ ದಿನಗಳ ಹಾಗೇ ಗಟ್ಟಿಯಾಗಿ ಬಂತು. "ಬಸ್ಸು ಹತ್ತೋಕಿದ್ಯಾ? ಇಲ್ಲ ತಾನೇ? ಹಾಗಾದ್ರೆ ದಾರಿ ಬಿಡು, ಹಿಂದೆ ಜನ ನಿಂತಿದ್ದಾರೆ ಕಾಣಲ್ವಾ ನಿನಗೆ?"

ನಮ್ಮ ಹಿಂದೆ ಚೀಲ ಹಿಡಿದು ನಿಂತಿದ್ದ ಹಿರಿಯರೊಬ್ಬರಿಗೆ ತಡೆಯಲಾಗಲಿಲ್ಲ. ಅತ್ತಿಗೆಯ ಹೆಗಲ ಪಕ್ಕದಿಂದ ಮುಂದೆ ಬಗ್ಗಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರದಿಂದ ಅವಳ ಮುಖವನ್ನೇ ನೇರ ನೋಡಿದರು. ಅತ್ತಿಗೆಯ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು.

"ಏನಮ್ಮಾ," ಎಂದರು ಅವರು, "ಅತ್ತಿಗೆ ಅಂತೀಯ, ನೀನು ತಾನು ಅಂತೀಯ. ದೊಡ್ಡೋರಿಗೆ ಸ್ವಲ್ಪ ಮರ್ಯಾದೆ ಬೇಡ್ವಾ? ಮನೇಲಿ ಹೀಗೇನಾ ಕಲಿಸಿರೋದು?"

ಬೈಯುವವರು ನೋಡುವಷ್ಟು ಹೊತ್ತು, ಬೈಯುವವರು ನೋಡುವಷ್ಟು ಚೆನ್ನಾಗಿ ನೋಡಿದ್ದರು. ಆ ಮುಖದಲ್ಲಿ ಅವರಿಗೆ ಸಿಕ್ಕ ತಪ್ಪು ಅದೊಂದೇ.

ಮಗಳು ಅತ್ತಿಗೆಯ ಕಡೆ ನೋಡಿದಳು. ಕಿವಿಯ ಕಡೆಗಲ್ಲ.

"ಅವಳು ಸರಿಯಾಗೇ ಮಾತಾಡಿದ್ದಾಳೆ ಸ್ವಾಮಿ" ಎಂದರು ಅತ್ತಿಗೆ, ಪಕ್ಕಕ್ಕೆ ಸರಿದು ಅವರಿಗೆ ಜಾಗ ಬಿಡುತ್ತ. "ಹೀಗೇ ಕಲಿತಿರೋದು. ನೀವು ನಿಮ್ಮ ಬಸ್ಸು ಕೇಳಿ."

ಅವರು ಗೊಣಗುತ್ತಲೇ ಕೇಳಿದರು. ಅವಳು ಗೋಡೆಯ ಪಟ್ಟಿ ನೋಡದೆ ಹೇಳಿದಳು.